ದನಿ ನೋಡಿ ಹಾಕುವ ಕಲ್ಲು

ಶಹಾಬಾದ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಗೋಡೆ, ಕಟ್ಟೆ, ಮಾಳಿಗೆ ಎಲ್ಲವೂ ಈ ಊರಿನ ಕಲ್ಲಿನವೇ. ರೈಲಿಗೆ ಇನ್ನೂ ಒಂದು ತಾಸು ಇತ್ತೆಂದು ಸುತ್ತಾಡುತ್ತಿದ್ದವನು ಒಂದು ಹಳೆಯ ಮನೆಯ ಮುಂದೆ ನಿಂತೆ. ಅದರ ಮಾಳಿಗೆಯ ಚಾವಣಿಗೆ ಹಾಸಿದ ಒಂದು ಕಲ್ಲು ಸೀಳಿತ್ತು. ಬದಲಿಗೆ ತಂದ ಮೂರು ಕಲ್ಲುಗಳನ್ನು ಗೋಡೆಗೆ ಆನಿಸಿಟ್ಟಿದ್ದರು. ಕಲ್ಲು ಕೂರಿಸಲು ಬಂದಿದ್ದ ಗೌಂಡಿ ಮಲ್ಲಪ್ಪ ಸಣ್ಣ ಸುತ್ತಿಗೆ ಎತ್ತಿಕೊಂಡು, "ಗಾಡಿ ಬಂದ್ ಮಾಡ್ರಿ, ಕಲ್ಲಿನ ದನಿ ಕೇಳಾಕತ್ತೀನಿ" ಎಂದು ಓಣಿಗೇ ಗದರಿದ. ಅತ್ತ ಬರುತ್ತಿದ್ದ ಬೈಕಿನವನೊಬ್ಬ ಎಂಜಿನ್ ನಿಲ್ಲಿಸಿದ.

ಮೊದಲ ಕಲ್ಲು ಠಪ್ ಎಂದಿತು. ಎರಡನೆಯದೂ ಹಾಗೆಯೇ. ನನ್ನ ಕಣ್ಣಿಗೆ ಎರಡರಲ್ಲೂ ಒಂದು ಗೆರೆ ಸಹ ಕಾಣಲಿಲ್ಲ. "ಒಳಗ ಬಿರುಕ ಅದ" ಎಂದು ಮಲ್ಲಪ್ಪ ಅವನ್ನು ಪಕ್ಕಕ್ಕೆ ಸರಿಸಿದ.

"ಮೂರನೇದೂ ಹಿಂಗೇ ಆದ್ರ ಎಲ್ಲಾ ಕಲ್ಲು ತೆಗಸಿ ತಗಡ ಹಾಕಸ್ತೀನಿ ನೋಡಪ್ಪ" ಎಂದರು ಮನೆಯೊಡತಿ, ನಿವೃತ್ತ ಶಿಕ್ಷಕಿ ಶಂಕರಮ್ಮ. ಹಾಗೆನ್ನುವಾಗ ಅವರು ಮಾಳಿಗೆಯ ಕಡೆ ನೋಡಲಿಲ್ಲ.

ಮಲ್ಲಪ್ಪ ಮೂರನೆಯದನ್ನು ಬಡಿದ. ಠಣ್ ಎಂದ ಕಲ್ಲು ಸುತ್ತಿಗೆ ತೆಗೆದ ಮೇಲೂ ಗುಂಯ್‌ಗುಟ್ಟಿತು.

"ಕೇಳಿದ್ರೇನ್ರಿ ಅಕ್ಕೋರೆ? ನಮ್ಮಪ್ಪ ಹಾಕಿದ ಮಾಳಿಗಿ ಇದು. ತಗಡಿನ ಮಾತ ಆಡಬ್ಯಾಡ್ರಿ."

ಶಂಕರಮ್ಮ ಚಹಾ ಇಡಲು ಒಳಗೆ ಹೋದರು.

ಸ್ಟೇಷನ್ನಿಗೆ ಮರಳಿ ಕಲ್ಲಿನ ಬೆಂಚಿನಲ್ಲಿ ಕೂರುವ ಮುಂಚೆ ನಾನೂ ಅದನ್ನು ಬೆರಳಿನಿಂದ ಬಡಿದು ಕಿವಿಗೊಟ್ಟೆ. ಅದರ ಇನ್ನೊಂದು ತುದಿಯಲ್ಲಿ ಕುಳಿತಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಡದಿದ್ದು ಸಾಕು, ಕುಂದ್ರಪ್ಪ. ನಮ್ಮೂರ ಕಲ್ಲದು."