ತಳ ಕಪ್ಪಾದ ಟೊಮೆಟೊ

ನಾನು ಹುನ್ನೂರಿನ ರೈತನ ಮಗಳು. ಮದುವೆಯಾಗಿ ಬನಹಟ್ಟಿಯ ನೇಕಾರರ ಮನೆ ಸೇರಿದ ಮೇಲೆ ಮಾಳಿಗೆಯ ಮೇಲೆ ಕುಂಡಗಳಲ್ಲಿ ಟೊಮೆಟೊ ಹಚ್ಚಿದೆ. "ಐತಾರ ಬಾ ಅಪ್ಪಾ, ನನ್ನ ಗಿಡದ ಹಣ್ಣು ತಿನಸ್ತೀನಿ" ಎಂದು ಫೋನಿನಲ್ಲಿ ಜಂಬ ಕೊಚ್ಚಿಕೊಂಡೂ ಆಗಿತ್ತು. ಆಮೇಲೆ ಶುರುವಾಯಿತು ನೋಡಿ ಗ್ರಹಚಾರ. ಹಣ್ಣು ಮೇಲೆ ಕೆಂಪಗೆ. ತಿರುಗಿಸಿದರೆ ತಳ ಕಪ್ಪಗೆ, ಮೆತ್ತಗೆ.

ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೈ ರೊಟ್ಟಿ ಬಡಿಯುತ್ತಿದ್ದರೆ ಜೀವ ಮಾಳಿಗೆಯ ಮೇಲೆ. ಹುಳುವಿರಬೇಕೆಂದು ಬೇವಿನೆಣ್ಣೆ ಹೊಡೆದೆ. ನೀರು ಏರುಪೇರಾಯಿತೇನೋ ಎಂದು ದಿನಾ ಒಂದೇ ಹೊತ್ತಿಗೆ ಹಾಕಿದೆ. ಅತ್ತೆಯ ಎಲೆಯಡಿಕೆ ಚೀಲದಿಂದ ಸುಣ್ಣ ಕದ್ದು, ನೀರಿಗೆ ಕಲಸಿ ಹೊಯ್ದೆ. ಏನು ಮಾಡಿದರೂ ಅಷ್ಟೇ! ರೈತನ ಮಗಳಾಗಿ ನಾಲ್ಕು ಗಿಡ ಬೆಳೆಸಲು ಬರಲಿಲ್ಲವೇ ಎಂದು ಅಪ್ಪ ಅಂದಾನು. ಅನ್ನದೆ ಸುಮ್ಮನಿದ್ದರೆ ಇನ್ನೂ ಕೆಟ್ಟದ್ದು.

"ಎಷ್ಟ್ ಸಲ ಹತ್ತಿ ಇಳೀತೀಬೇ? ಗಿಡಾ ಅಂಜ್ಯಾವು" ಎಂದು ಅತ್ತೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶನಿವಾರ ಮಧ್ಯಾಹ್ನ ತಡೆಯಲಾರದೆ ಮತ್ತೆ ಹತ್ತಿದೆ. ಮೊಣಕಾಲು ನೋವಿನ ಅತ್ತೆ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಬಕೆಟ್ಟು ಬಗ್ಗಿಸಿ ಕುಂಡಕ್ಕೆ ನೀರು ಸುರಿಯುತ್ತಿದ್ದರು. ಬಣ್ಣ ಹಾಕಿದ ನೂಲನ್ನು ಕೊನೆಗೆ ಜಾಲಿಸಿದ ನೀರು. ಬಣ್ಣ ಹಿಡಿಯಲೆಂದು ಆ ನೂಲಿಗೆ ಹಿಡಿಗಟ್ಟಲೆ ಉಪ್ಪು ಹಾಕುತ್ತೇವೆ.

"ಅತ್ತೀ, ಅದು ಉಪ್ಪಿನ ನೀರರೀ!" ಚೀರಿಬಿಟ್ಟೆ.

"ನೀ ಹಾಕೂ ನೀರು ಸಾಲವಲ್ದು ಅನಿಸ್ತವಾ. ನಿಮ್ಮಪ್ಪ ಬರೂದ್ರಾಗ ಹಣ್ಣ ದಪ್ಪ ಆಗ್ಲಿ ಅಂತ ದಿನಾ ಹಾಕೇನಿ."

ಹಣ್ಣಿನ ತಳ ಕಪ್ಪಾದದ್ದು ಈ ಉಪ್ಪಿಗೆ. ಅಂದರೆ ತಪ್ಪು ನನ್ನದಲ್ಲ! ಸುಳ್ಳೇಕೆ, ಖುಷಿಯೇ ಆಯಿತು. ಅಪ್ಪನಿಗೆ ಇದನ್ನು ಹೇಗೆ ಹೇಳಬೇಕೆಂದು ಸಂಜೆಯೆಲ್ಲ ಮಾತು ಜೋಡಿಸಿಕೊಂಡೆ.

ಮರುದಿನ ಅಪ್ಪ ಬಂದವನೇ ಮಾಳಿಗೆ ಹತ್ತಿದ. ಒಂದು ಹಣ್ಣು ಕಿತ್ತು, ತಿರುಗಿಸಿ, ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಏದುಸಿರು ಬಿಡುತ್ತ ಅತ್ತೆ ಹತ್ತಿ ಬಂದರು.

"ಬೀಗರ, ನಿಮ್ಮ ಮಗಳು ಗಿಡಾ ಛಲೋ ಬೆಳಸ್ಯಾಳ್ರಿ. ಕೆಡಿಸಿದಾಕಿ ನಾನು."

ನಾನು ಹೇಳಬೇಕೆಂದಿದ್ದೂ ಅದನ್ನೇ. ಆದರೆ ತನ್ನದೇ ಮನೆಯ ಮಾಳಿಗೆಯ ಮೇಲೆ, ಬೀಗರೆದುರು, ಆ ಹಿರಿಯ ಜೀವ ತಲೆ ತಗ್ಗಿಸಿ ನಿಂತದ್ದು ನೋಡಿ ನಾನು ಹೋಗಿ ಅವರ ಪಕ್ಕ ನಿಂತೆ.

"ಇಲ್ಲಪ್ಪಾ," ಅಂದೆ, "ಆ ನೀರು ಹಾಕ್ರಿ ಅಂತ ನಾನ ಹೇಳಿದ್ನಿ."