ತೀರ್ವೆ ತೀರಿದ ಮರುದಿನ

ಪತ್ರಿಕೆಯ ಡೆಸ್ಕಿನಿಂದ ನಿವೃತ್ತನಾದ ಮೇಲೆ ದಿನಕ್ಕೊಂದು ಮೂರು ಸಾಲಿನ ಕವಿತೆ ಬರೆದು ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇನೆ. ಕಂಡದ್ದು ಮಾತ್ರ. ವಿಶೇಷಣ ಬಂದರೆ ಹೊಡೆದುಹಾಕುವುದು ಹಳೆಯ ಅಭ್ಯಾಸ.

ಮೆಲ್ಕಾರಿನಲ್ಲಿ ಬಸ್ಸು ನಿಂತಿತು.
ಕಿಟಕಿ ಪಕ್ಕದ ಸೀಟಿಗೆ
ಬಿಸಿಲು ಹತ್ತಿತು.

ಪಕ್ಕದ ಮನೆಯವರಿಗೆ ಇವು ಹಿಡಿಸುವುದಿಲ್ಲ. "ಪೇಪರ್‌ನವ್ರೆ, ಇದು ಕವಿತೆಯಾ, ಕರೆಂಟ್ ಹೋಗುವ ಪ್ರಕಟಣೆಯಾ?" ಎಂದು ಕಂಪೌಂಡಿನ ಆಚೆಯಿಂದ ಕೇಳುತ್ತಾರೆ. ಆದರೆ ಓದುವುದನ್ನು ಬಿಟ್ಟಿಲ್ಲ.

ಕಳೆದ ವರ್ಷ ಅವರಿಗೆ ಹೃದಯದ ಆಪರೇಷನ್ ನಿಗದಿಯಾಗಿತ್ತು. ಮಂಗಳೂರಿನ ಆಸ್ಪತ್ರೆಗೆ ಸೇರುವ ಮೊದಲು ಬಾಕಿ ಕೆಲಸಗಳನ್ನೆಲ್ಲ ಮುಗಿಸಲು ಹೊರಟರು: ತಲೆಕೂದಲು ತೆಗೆಸಿದರು, ಗ್ಯಾಸ್ ಬುಕ್ ಮಾಡಿದರು, ಕೊನೆಗೆ ತೀರ್ವೆ ಕಟ್ಟಲು ಹೋದರು. ಜಾಗದ ಕಂದಾಯಕ್ಕೆ ನಮ್ಮ ಕಡೆ ತೀರ್ವೆ ಎನ್ನುವುದು. ಸಂಜೆ ಗೇಟಿನ ಬಳಿ ನಿಂತು, "ತೀರಿತು ಮಾರಾಯ್ರೆ" ಎಂದು ಹೇಳಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ನಾನು ಬರೆದೆ:

ತೀರ್ವೆ ಕಟ್ಟಲು ಹೋದ
ಪಕ್ಕದ ಮನೆಯವರು.
ತೀರಿತು.

ತುಳುವಿನಲ್ಲೂ ಕನ್ನಡದಲ್ಲೂ ಮನುಷ್ಯರು ತೀರುವುದೂ ಇದೇ ಶಬ್ದದಿಂದ. ಆಪರೇಷನ್ನಿನ ವಿಷಯ ಬೀದಿಗೆ ಗೊತ್ತಿತ್ತು. ನಾನು ಹಲವು ವರ್ಷ ಪತ್ರಿಕೆಯಲ್ಲಿ ನಿಧನ ವಾರ್ತೆಯ ಅಂಕಣ ನೋಡಿದವನೆಂಬುದೂ ಗೊತ್ತಿತ್ತು. ಗುಂಪಿನಲ್ಲಿ ಮೊದಲು ಒಂದು ಜೋಡಿಸಿದ ಕೈ ಬಂತು, ಹಿಂದೆಯೇ "ಓಂ ಶಾಂತಿ"ಗಳು. ನಾನು ಮೊಬೈಲ್ ಮನೆಯಲ್ಲಿಟ್ಟು ಪೇಟೆಗೆ ಹೋಗಿ ಎರಡು ಗಂಟೆ ಬಿಟ್ಟು ಬರುವಷ್ಟರಲ್ಲಿ ಸುದ್ದಿ ಊರು ದಾಟಿತ್ತು. ಮೂಡುಬಿದಿರೆಯಿಂದ ಒಬ್ಬರು ನನಗೇ ಫೋನ್ ಮಾಡಿ, "ತೀರ್‌ದ್ ಪೋಯೆರ್‌ಗೆ, ಹೌದಾ?" ಎಂದರು. ಅಲ್ಲ ಎಂದೆ. ಪಕ್ಕದ ಮನೆಗೆ ನಡೆದೆ.

ನನಗಿಂತ ಮೊದಲು ಬೆಳ್ತಂಗಡಿಯಿಂದ ಅವರ ಭಾವ ತಲುಪಿದ್ದರು. ಬಿಳಿ ಪಂಚೆ ಉಟ್ಟುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತುಬಿಟ್ಟಿದ್ದರು.

"ಬಾ ಭಾವ, ಕೂತ್ಕೋ" ಎಂದರು ಮೇಜಿನ ಎದುರಿದ್ದ ಪಕ್ಕದ ಮನೆಯವರು. "ಹೆಣ ಕಾಫಿ ಕುಡೀತಾ ಉಂಟು."

"ಥೂ ನಿನ್ನ! ಬಸ್ಸಲ್ಲಿ ಅತ್ತದ್ದು ದಂಡ ಆಯ್ತಲ್ಲ" ಎಂದು ಭಾವ ಕುಳಿತರು. "ಸತ್ತ ಸುದ್ದಿ ಬಂದ್ರೆ ಆಯುಷ್ಯ ಜಾಸ್ತಿ ಅಂತೆ. ಒಳ್ಳೇದೇ ಆಯ್ತು."

ಪಕ್ಕದ ಮನೆಯವರ ಹೆಂಡತಿ ನಗಲಿಲ್ಲ. ಅಡುಗೆಮನೆಯಿಂದ ಬಂದು, ಆಸ್ಪತ್ರೆಗೆಂದು ಕಟ್ಟಿಟ್ಟಿದ್ದ ಚೀಲವನ್ನು ಬಿಚ್ಚಿ ಬಟ್ಟೆಗಳನ್ನು ಕಪಾಟಿಗೆ ವಾಪಸ್ ಇಡತೊಡಗಿದರು. "ಇಂಥ ಅಪಶಕುನದ ಮಾತು ಎಲ್ಲರ ಬಾಯಿಗೆ ಬಂದ ಮೇಲೆ ನಾನು ಕಳಿಸುವುದಿಲ್ಲ. ಮುಂದಿನ ತಿಂಗಳು ನೋಡುವ."

ಮುಂದಿನ ತಿಂಗಳವರೆಗೆ ಕಾಯಬಾರದೆಂದು ಡಾಕ್ಟರು ಹೇಳಿದ್ದರು. ಅದು ಮನೆಯ ಎಲ್ಲರಿಗೂ ಗೊತ್ತಿತ್ತು. ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

ಪತ್ರಿಕೆಯಲ್ಲಿ ಇಂಥದ್ದಕ್ಕೆ ತಿದ್ದುಪಡಿ ಎಂಬ ಮದ್ದಿದೆ. ಅಲ್ಲೇ ನಿಂತು ಮೊಬೈಲಿನಲ್ಲಿ ಬರೆದು ಓದಿದೆ: "ತೀರಿದ್ದು ತೀರ್ವೆ ಮಾತ್ರ. ಅವರು ತೀರಿಲ್ಲ."

"ಅಯ್ಯೋ, ಪುನಃ ಅದೇ ಶಬ್ದವಾ?" ಎಂದರು ಹೆಂಡತಿ, ಕೈಯಲ್ಲಿ ಮಡಿಸಿದ ಟವೆಲ್ ಹಿಡಿದು. "ಒಂದು ಸಲ ಬರೆದದ್ದು ಸಾಲದಾ ನಿಮಗೆ?"

ಅವರು ಹೇಳಿದ್ದು ಸರಿ. ತಿದ್ದುಪಡಿ ಯಾವಾಗಲೂ ತಪ್ಪನ್ನು ಇನ್ನೊಮ್ಮೆ ಅಚ್ಚು ಮಾಡುತ್ತದೆ. ಅಳಿಸಿದೆ.

"ಅಕ್ಕ, ಹಾಗಾದ್ರೆ ಏನು ಬರೆಯಲಿ?"

"ತೀರ್ವೆ ಬೇಡ, ಕಂದಾಯ ಅಂತ ಬರೀರಿ. ಆಮೇಲೆ ಈಗ ಇವರು ಏನು ಮಾಡ್ತಿದ್ದಾರೆ, ಅದನ್ನು ಬರೀರಿ. ನೀವು ಕಂಡದ್ದು ಮಾತ್ರ ಬರಿಯುವುದಲ್ವಾ?"

ನಾನು ಮೇಜಿನ ಕಡೆ ನೋಡಿದೆ. ಭಾವನ ತಟ್ಟೆಯಿಂದ ನೀರುದೋಸೆ ಎಳೆದುಕೊಂಡು ಪಕ್ಕದ ಮನೆಯವರು, "ಇನ್ನೊಂದು ಉಂಟಾ?" ಎಂದು ಹೆಂಡತಿಯನ್ನು ಕೇಳಿದರು.

ಪಕ್ಕದ ಮನೆಯವರು
ಕಂದಾಯ ಕಟ್ಟಿ ಬಂದರು.
ಇನ್ನೊಂದು ದೋಸೆ ಕೇಳಿದರು.

ಗುಂಪಿಗೆ ಹಾಕಿದ ಮೇಲೆ ಅಕ್ಕ ಅದನ್ನು ತಮ್ಮ ಮೊಬೈಲಿನಲ್ಲಿ ಸ್ವತಃ ಓದಿದರು. ಮೇಲಿದ್ದ ಓಂ ಶಾಂತಿಗಳ ಕೆಳಗೆ ನಗುವ ಮುಖಗಳು ಬೀಳತೊಡಗಿದವು. ಅದನ್ನು ನೋಡಿ ಅವರು ಟವೆಲನ್ನು ಮತ್ತೆ ಚೀಲದೊಳಗೆ ಹಾಕಿದರು. ಆಮೇಲೆ ದೋಸೆ ಎರೆಯಲು ಹೋದರು.

ನಿಗದಿಯಾದ ದಿನವೇ ಆಪರೇಷನ್ ಆಯಿತು.

ಈ ವರ್ಷದ ತೀರ್ವೆಯನ್ನೂ ಪಕ್ಕದ ಮನೆಯವರೇ ಹೋಗಿ ಕಟ್ಟಿ ಬಂದರು. ಗೇಟಿನ ಬಳಿ ನನ್ನನ್ನು ಕಂಡು "ತೀ..." ಎಂದವರು ತಡೆದರು. ಅಂಗಳದ ಹಗ್ಗದಲ್ಲಿ ಬಟ್ಟೆ ಹಾಕುತ್ತಿದ್ದ ಹೆಂಡತಿ ತಿರುಗಿ ನೋಡುತ್ತಿದ್ದರು.

"ಕಟ್ಟಿ ಆಯ್ತು" ಎಂದರು.