ಹೋಬರ್ಟನ ಬಟ್ಟೆ ನೋಡಲು ಒಂದು ಟಾರ್ಚ್

ಅರ್ಲೀಟಾ ಸ್ಕ್ಯಾಗ್ಸಳ ಮುಖಕ್ಕಿಂತ ಅವಳ ತಲೆಯ ಹಿಂಭಾಗ ನಮ್ಮ ಊರಿನವರಿಗೆ ಹೆಚ್ಚು ಪರಿಚಯ. ಕೆಂಟಕಿಯ ಈ ಗುಹೆ ಸೀಮೆಯಲ್ಲಿ ಅವಳು ಒಂದು ತಲೆಮಾರಿಗೂ ಮೇಲೆ ಶಾಲೆಯ ಹಳದಿ ಬಸ್ಸು ಓಡಿಸಿದವಳು. ಇವತ್ತು ಬ್ಯಾಂಕಿನ ಕಿಟಕಿಯಲ್ಲಿ ಕೂತಿರುವವನು, ಚರ್ಚಿನಲ್ಲಿ ಪಿಯಾನೋ ನುಡಿಸುವವಳು, ಷೆರಿಫನ ಕಚೇರಿಯ ಪೊಲೀಸರು, ಎಲ್ಲರೂ ಅವಳ ಬೆನ್ನ ಹಿಂದೆ ಕೂತು ಬೆಳೆದವರೇ. ಶಾಲೆಯ ದಿನಗಳಲ್ಲಿ ನೆಲದ ಮೇಲೆ ಬಸ್ಸು, ಶನಿವಾರ ನೆಲದ ಕೆಳಗೆ ಗುಹೆ. ಅವಳ ಬದುಕನ್ನು ಹೀಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು, ಅವಳ ಅಪ್ಪನ ಒಂದು ಮಾತು ಇರದಿದ್ದರೆ.

ಅಪ್ಪ ಹೋಬರ್ಟ್ ಹೊಗೆಸೊಪ್ಪು ಬೆಳೆಯುತ್ತಿದ್ದ. ಬೇಸಿಗೆಯಲ್ಲಿ ಪ್ರವಾಸಿಗಳನ್ನು ಗುಹೆಯೊಳಗೆ ಕರೆದೊಯ್ಯುತ್ತಿದ್ದ. ಅರ್ಲೀಟಾ ಇನ್ನೂ ಶಾಲೆಗೆ ಸೇರುವ ಮೊದಲು ಅವನು ಒಮ್ಮೆ ಒಬ್ಬನೇ ಹೊಸ ದಾರಿ ಹುಡುಕುತ್ತ, ನಾವು ‘ಹಂದಿ ಬಾಗಿಲು’ ಎನ್ನುವ ಸಂದಿಯಲ್ಲಿ ತೆವಳಿ ಆಚೆ ಹೋದ. ಆಚೆ ಒಂದು ಬಾವಿಯ ತಳ. ಮೇಲಿನಿಂದ ಇಣುಕುವ ಬಾವಿಯಲ್ಲ, ತಳದಲ್ಲಿ ನಿಂತು ಮೇಲೆ ನೋಡುವ ಬಾವಿ. ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತಿತ್ತು. ಅವನ ಹೆಲ್ಮೆಟ್ಟಿನ ಕಾರ್ಬೈಡ್ ದೀಪದ ಬೆಳಕು ನಾಲ್ಕಾಳೆತ್ತರ ಏರಿ ಸೋತಿತು. ಫೋಟೋ ತೆಗೆಯುವವರಿಗಾಗಿ ಇಟ್ಟುಕೊಂಡಿದ್ದ ಮೆಗ್ನೀಷಿಯಂ ಪಟ್ಟಿಯ ಕೊನೆಯ ತುಂಡೊಂದು ಜೇಬಿನಲ್ಲಿತ್ತು. ಅದನ್ನು ಹಚ್ಚಿ ಎತ್ತಿ ಹಿಡಿದ. ನಾಲ್ಕಾರು ಉಸಿರಿನಷ್ಟು ಹೊತ್ತು ಅದು ಉರಿಯಿತು. ಅಷ್ಟರಲ್ಲಿ ಕಂಡದ್ದನ್ನು ಮನೆಗೆ ಬಂದು ಹೇಳಿದ: “ಯಾರೋ ರಾಕ್ಷಸರು ಬಟ್ಟೆ ಒಗೆದು ಹರವಿದ್ದಾರೆ. ಬೆಳ್ಳನೆಯ ಹೊದಿಕೆಗಳು. ಸಾಲಾಗಿ, ಮೇಲೆ.”

ಗುಹೆಯವರಲ್ಲಿ ಒಂದು ಕಟ್ಟುಪಾಡು ಇದೆ. ಒಬ್ಬ ಕಂಡರೆ ಅದು ಕಥೆ, ಇಬ್ಬರು ಕಂಡರೆ ಜಾಗ. ಇಬ್ಬರ ಕಣ್ಣಿಗೆ ಬೀಳದ ಯಾವುದಕ್ಕೂ ನಕ್ಷೆಯಲ್ಲಿ ಹೆಸರು ಸಿಗುವುದಿಲ್ಲ. ಹೋಬರ್ಟನ ಮಾತು ನಂಬಿ ಏಳೆಂಟು ಜನ ಕೂಡಿ ಹೋದರು. ಪಟ್ಟಿ ಹಚ್ಚಿದರು. ಬರೀ ಹೊಗೆಯೇ ಕಂಡಿತು. ಅಲ್ಲಿಂದ ಮುಂದೆ ಕ್ಷೌರದಂಗಡಿಯಲ್ಲಿ, ಹೊಗೆಸೊಪ್ಪಿನ ಹರಾಜಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಅವನು ಸಾಯುವ ತನಕ ಒಂದೇ ಪ್ರಶ್ನೆ: “ಏನಯ್ಯ ಹೋಬರ್ಟ್, ಬಟ್ಟೆ ಒಣಗಿತಾ?” ಅವನೂ ಎಲ್ಲರ ಜೊತೆ ನಗುತ್ತಿದ್ದ. ಆದರೆ ಹೆಂಡತಿ ಹೊದಿಕೆ ಒಗೆದು ತಂತಿಗೆ ಹರವುವ ದಿನ ಹಿತ್ತಲಿನ ಕಡೆ ಬರುತ್ತಿರಲಿಲ್ಲ. ಇದನ್ನು ಗಮನಿಸಿದವಳು ಅರ್ಲೀಟಾ ಒಬ್ಬಳೇ.

ಕಳೆದ ಅಕ್ಟೋಬರಿನಲ್ಲಿ ಡಾಕ್ಟರು ಅವಳ ಎರಡೂ ಮಂಡಿ ಬದಲಿಸಬೇಕು ಎಂದರು. ಬದಲಿಸಿದ ಮಂಡಿಯಲ್ಲಿ ಕಲ್ಲಿನ ಮೇಲೆ ತೆವಳುವಂತಿಲ್ಲ. ಹಂದಿ ಬಾಗಿಲಿಗೆ ಇನ್ನೊಂದು ಸಲ ಹೋಗಿಬರುವ ಶಕ್ತಿ ಮಾತ್ರ ಆ ಹಳೆಯ ಮಂಡಿಗಳಲ್ಲಿ ಉಳಿದಿತ್ತು. ಆ ಒಂದು ಸಲಕ್ಕೆ, ತಲೆಯ ದೀಪ ಮುಟ್ಟದ, ಅಪ್ಪ ಕಂಡ ಎತ್ತರಕ್ಕೆ ಏರುವಂಥ ಒಂದು ಟಾರ್ಚ್ ಬೇಕಿತ್ತು.

ಡೆಲ್ಬರ್ಟ್ ಪ್ರೂಯಿಟ್ ಅವಳ ಅಕ್ಕನ ಗಂಡ. ಊರಿನ ಹಾರ್ಡ್‌ವೇರ್ ಅಂಗಡಿ ಅವನದು. ಗುಹೆಯ ಹುಚ್ಚು ಅವನಿಗೂ ಇದೆ. ಬಟ್ಟೆ ಒಣಗಿತಾ ಎಂಬ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಿದವನು ಅವನಪ್ಪ.

“ಇದು ನೋಡು,” ಎಂದು ಅವನು ಗಾಜಿನ ಕಪಾಟಿನಿಂದ ಒಂದು ದಪ್ಪ ಟಾರ್ಚ್ ತೆಗೆದ. “ಇದನ್ನ ಇಲ್ಲಿ ಹಚ್ಚಿದ್ರೆ ಪಕ್ಕದ ಟೆನೆಸ್ಸೀಲಿ ಬೆಳಗಾಯ್ತು ಅಂತ ಕೋಳಿ ಕೂಗುತ್ತೆ.”

“ಸೆಲ್ಲು ಯಾವುದು?”

“ಇದರದ್ದೇ ಬೇರೆ. ಚಾರ್ಜ್ ಮಾಡ್ಕೋಬೇಕು.”

“ಒಳಗೆ ಅದು ಖಾಲಿಯಾದ್ರೆ ನಿನ್ನ ಜೇಬಲ್ಲಿರೋ ಸೆಲ್ಲು ಇದಕ್ಕೆ ಕೂರುತ್ತಾ?”

ಡೆಲ್ಬರ್ಟ್ ಅದನ್ನು ಮತ್ತೆ ಕಪಾಟಿನಲ್ಲಿಟ್ಟ.

ಅವಳು ಕೇಳಿದ್ದು ತಮಾಷೆಗಲ್ಲ. ನಮ್ಮಲ್ಲಿ ಗುಹೆಗೆ ಇಳಿಯುವವರು ತಮ್ಮ ಬದಲಿ ಸೆಲ್ಲುಗಳನ್ನು ತಾವು ಇಟ್ಟುಕೊಳ್ಳುವುದಿಲ್ಲ. ಗುಹೆಯ ಬಾಯಲ್ಲಿ ನಿಂತು ಪಕ್ಕದವರ ಕೈಗೆ ಕೊಡುತ್ತಾರೆ. ನನ್ನ ಬೆಳಕು ನಿನ್ನ ಜೇಬಿನಲ್ಲಿ, ನಿನ್ನದು ಅವಳ ಜೇಬಿನಲ್ಲಿ. ಸಿಟ್ಟು ಬಂದರೂ ಯಾರೂ ಯಾರನ್ನೂ ಬಿಟ್ಟು ಮುಂದೆ ನಡೆಯಬಾರದು ಎಂದು ಹಿಂದಿನವರು ಮಾಡಿಟ್ಟ ಪದ್ಧತಿ. ಅದಕ್ಕೇ ಎಲ್ಲರ ದೀಪವೂ ಗೋಡೆ ಗಡಿಯಾರಕ್ಕೆ, ಟೀವಿ ರಿಮೋಟಿಗೆ ಹಾಕುವ ಅದೇ ಪೆನ್ಸಿಲ್ ಸೆಲ್ಲಿನಲ್ಲಿ ಉರಿಯಬೇಕು. ಆ ಸೆಲ್ಲು ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ, ಅಜ್ಜಿಯ ಅಡುಗೆಮನೆ ಡ್ರಾಯರಿನಲ್ಲೂ ಸಿಗುತ್ತದೆ.

ನಾಲ್ಕು ಪೆನ್ಸಿಲ್ ಸೆಲ್ಲಿನ ಮೂರು ಟಾರ್ಚುಗಳನ್ನು ಅವಳು ಮನೆಗೆ ಒಯ್ದಳು, ಒಡೆದರೆ ದುಡ್ಡು ಕೊಡುತ್ತೇನೆ ಎಂಬ ಮಾತಿನ ಮೇಲೆ. ಮೊದಲು ಒಂದೊಂದನ್ನೂ ಸೊಪ್ಪು ಒಣಗಿಸುವ ಕೊಟ್ಟಿಗೆಯ ಅಟ್ಟದಿಂದ ಕಲ್ಲಿನ ಮೇಲೆ ಬಿಟ್ಟಳು. ಪ್ಲಾಸ್ಟಿಕ್ಕಿನದು ಬಾಯಿ ತೆರೆದು ಸೆಲ್ಲುಗಳನ್ನು ಕಕ್ಕಿತು. ಲೋಹದ ಎರಡು ಉಳಿದವು. ಅವನ್ನು ಕೆಸರು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಮರುದಿನ ತೆಗೆದಳು. ಎರಡೂ ಹತ್ತಿದವು. ಒದ್ದೆ ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ, ಸೆಲ್ಲು ಬದಲಿಸಿ ನೋಡಿದಳು. ಒಂದರ ಗುಂಡಿ ಚೀಲದೊಳಗೆ ಏನಾದರೂ ತಾಗಿದರೂ ಒತ್ತಿಕೊಳ್ಳುವಂತಿತ್ತು. ಬೇಕಾದ ಹೊತ್ತಿಗೆ ಸೆಲ್ಲು ಖಾಲಿಯಾಗಿರುವುದು ಅಂಥವುಗಳಲ್ಲೇ. ಇನ್ನೊಂದಕ್ಕೆ ಗುಂಡಿಯ ಬದಲು ಕುತ್ತಿಗೆಯ ಸುತ್ತ ತಿರುಗಿಸುವ ಬಳೆ. ತಿರುಗಿಸದೆ ಅದು ಹತ್ತುವಂತಿರಲಿಲ್ಲ.

ಕತ್ತಲಾಗುತ್ತಿದ್ದಂತೆ ಎರಡನ್ನೂ ಊರಾಚೆಯ ನೀರಿನ ಟ್ಯಾಂಕಿನ ಕಡೆ ಹಿಡಿದಳು. ಡಬ್ಬಿಯ ಮೇಲೆ ಬೆಳಕಿನ ದೊಡ್ಡ ಅಂಕಿ ಇದ್ದ ಗುಂಡಿಯ ಟಾರ್ಚ್ ಹೊಲವನ್ನೆಲ್ಲ ಬೆಳಗಿತು, ಟ್ಯಾಂಕು ಕಾಣಲಿಲ್ಲ. ಚಿಕ್ಕ ಅಂಕಿಯ ಬಳೆಯ ಟಾರ್ಚು ಹೊಲವನ್ನು ಕತ್ತಲಲ್ಲೇ ಬಿಟ್ಟು ಟ್ಯಾಂಕಿನ ಮೇಲೆ ಊರಿನ ಹೆಸರನ್ನು ಓದಿಸಿತು. ಬಕೆಟ್ಟಿನ ನೀರನ್ನು ಅಂಗಳಕ್ಕೆ ಎರಚುವುದಕ್ಕೂ ಪೈಪಿನಲ್ಲಿ ಬಿಡುವುದಕ್ಕೂ ಇರುವಷ್ಟೇ ವ್ಯತ್ಯಾಸ. ಸ್ವಲ್ಪ ಹೊತ್ತಿಗೆ ಅದು ಕೈಯಲ್ಲಿ ಬಿಸಿಯಾಗಿ ತಾನೇ ಬೆಳಕು ತಗ್ಗಿಸಿಕೊಂಡಿತು. ಪೂರ್ತಿ ಬೆಳಕು ಬೇಕಿದ್ದರೆ ಟಾರ್ಚ್ ತಣ್ಣಗಿರಬೇಕು, ನಾಲ್ಕೂ ಸೆಲ್ಲು ಒಟ್ಟಿಗೇ ಹೊಸದಿರಬೇಕು. ಅವಳು ಆರಿಸಿದ್ದು ಅದನ್ನೇ.

ಶನಿವಾರ ಬೆಳಿಗ್ಗೆ ಗುಹೆಯ ಬಾಯಲ್ಲಿ ಮೂವರು ನಿಂತರು. ಅರ್ಲೀಟಾ, ಡೆಲ್ಬರ್ಟ್, ಮತ್ತು ಕೌಂಟಿ ಆಸ್ಪತ್ರೆಯ ನರ್ಸ್ ನಯೋಮಿ ಬೋಲ್ಸ್. ನಯೋಮಿಯೂ ಒಂದು ಕಾಲಕ್ಕೆ ಆ ಬಸ್ಸಿನಲ್ಲಿ ಕೂತವಳೇ. ಈಗಲೂ ಮಿಸ್ ಅರ್ಲೀಟಾ ಎಂದೇ ಕರೆಯುತ್ತಾಳೆ. ಅರ್ಲೀಟಾಳ ಬದಲಿ ಸೆಲ್ಲುಗಳು ಡೆಲ್ಬರ್ಟನ ಜೇಬಿಗೆ ಹೋದವು.

“ಮಂಡಿ ಕೈಕೊಟ್ರೆ ಹೇಳು,” ಎಂದ ಡೆಲ್ಬರ್ಟ್. “ಹೊತ್ಕೊಂಡು ಬರೋಕಾಗಲ್ಲ. ಊಟದ ಚೀಲ ಮಾತ್ರ ತಗೊಂಡು ಬರ್ತೀನಿ.”

“ನಮ್ಮಕ್ಕ ನಿನ್ನಲ್ಲಿ ಏನು ಕಂಡು ಮದುವೆಯಾದ್ಲೋ.”

“ಅವಳೂ ಅದನ್ನೇ ಕೇಳ್ತಾಳೆ.”

ಹಂದಿ ಬಾಗಿಲಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಅಲ್ಲಿ ಎದೆ ನೆಲಕ್ಕೆ, ಬೆನ್ನು ಮಾಡಿಗೆ. ತಲೆ ಒಂದೇ ಕಡೆಗೆ ತಿರುಗಿರಬೇಕು. ಅರ್ಲೀಟಾ ಟಾರ್ಚನ್ನು ಮುಂದೆ ತಳ್ಳುತ್ತ, ಅದರ ಹಿಂದೆ ತಾನು ತೆವಳುತ್ತ ಹೋದಳು. ಎರಡು ಕಡೆ ಸುಮ್ಮನೆ ಮಲಗಿದಳು. ಎರಡು ಸಲವೂ ಹಿಂದಿನಿಂದ ನಯೋಮಿ, “ಅವಸರ ಇಲ್ಲ, ಮಿಸ್ ಅರ್ಲೀಟಾ, ಬಸ್ಸು ನಿಮ್ಮನ್ನ ಬಿಟ್ಟು ಹೋಗಲ್ಲ,” ಎಂದಳು.

ಆಚೆ ಬಂದು ನಿಂತಾಗ ಮೂವರ ಮೈಯಿಂದಲೂ ಹಬೆ ಏಳುತ್ತಿತ್ತು. ಬಾವಿಯ ತಳ ಒಂದು ಸಣ್ಣ ಚರ್ಚಿನಷ್ಟು ಅಗಲ. ಮೇಲೆ ಕತ್ತಲು. ಹನಿಗಳು ಎಷ್ಟು ಎತ್ತರದಿಂದ ಬರುತ್ತಿದ್ದವೆಂದರೆ, ಒಂದೊಂದೂ ಕಲ್ಲಿಗೆ ಬಡಿದಾಗ ಚಪ್ಪಾಳೆ ತಟ್ಟಿದಂತೆ ಕೇಳುತ್ತಿತ್ತು.

ಅರ್ಲೀಟಾ ಟಾರ್ಚನ್ನು ತಲೆಯ ಮೇಲೆ ಎತ್ತಿ ಬಳೆ ತಿರುಗಿಸಿದಳು.

ಮುಖದ ಮುಂದೆ ಒಂದು ಬಿಳಿ ಗೋಡೆ ಎದ್ದು ನಿಂತಿತು. ಅತ್ತ ತಿರುಗಿಸಿದರೆ ಅತ್ತಲೂ ಬಿಳಿ, ಇತ್ತ ತಿರುಗಿಸಿದರೆ ಇತ್ತಲೂ ಬಿಳಿ. ಸುರುಳಿ ಸುರುಳಿಯಾಗಿ ಮೆಲ್ಲಗೆ ಅಲುಗುವ ಬಿಳಿ. ಅದು ಅವರದೇ ಉಸಿರು, ಅವರದೇ ಬೆವರಿನ ಹಬೆ. ಅಷ್ಟು ದೂರ ಓಡುವ ಬೆಳಕು ಒಂದು ಮಾರು ಆಚೆ ಹೋಗಲಿಲ್ಲ. ಅವಳು ಹಿಡಿದೇ ನಿಂತಳು. ಟಾರ್ಚ್ ಬಿಸಿಯಾಯಿತು, ಬೆಳಕನ್ನು ತಾನೇ ತಗ್ಗಿಸಿಕೊಂಡಿತು. ಬಿಳಿ ಮಾತ್ರ ಹೋಗಲಿಲ್ಲ.

ಡೆಲ್ಬರ್ಟ್ ಆ ಬಿಳಿಯನ್ನು ಕೈಯಿಂದ ಬೀಸಿ ನೋಡಿದ. ಆಮೇಲೆ ಮೆತ್ತಗೆ ಹೇಳಿದ: “ಅರ್ಲೀಟಾ, ನಿಮ್ಮಪ್ಪ ಸುಳ್ಳು ಹೇಳಲಿಲ್ಲ. ಬಿಳಿ ಕಂಡಿದ್ದು ನಿಜ. ಇದನ್ನೇ ಕಂಡಿದ್ದು.”

ಅಣಕಕ್ಕಿಂತ ಈ ಕರುಣೆ ಹೆಚ್ಚು ಚುಚ್ಚಿತು. ಅವಳು ಟಾರ್ಚ್ ಆರಿಸಿ ಕಲ್ಲಿನ ಮೇಲೆ ಕೂತಳು.

ಕೂತವಳಿಗೆ ಎರಡು ವಿಷಯ ಹೊಳೆಯಿತು ಎಂದು ಅವಳು ಆಮೇಲೆ ಹೇಳಿದಳು. ಒಂದು, ನವೆಂಬರಿನ ಮುಂಜಾನೆ ಹಸಿರು ಹೊಳೆಯ ಸೇತುವೆಯ ಮೇಲೆ ಮಂಜು ಕವಿದಾಗ ಅವಳು ಎಂದೂ ಬಸ್ಸಿನ ದೊಡ್ಡ ದೀಪ ಹಾಕುತ್ತಿರಲಿಲ್ಲ. ಹಾಕಿದರೆ ಮಂಜೇ ಗೋಡೆಯಾಗುತ್ತದೆ. ಕಣ್ಣಿಗಿಂತ ಕೆಳಗಿರುವ ದೀಪ ಬೇಕು. ಇಷ್ಟು ವರ್ಷ ಕೈಗೆ ಗೊತ್ತಿದ್ದದ್ದು, ಪ್ರಖರ ಬೆಳಕು ಹುಡುಕುವ ಭರದಲ್ಲಿ ಮರೆತುಹೋಗಿತ್ತು. ಇನ್ನೊಂದು, ಅಪ್ಪನ ಕಥೆ ಶುರುವಾಗುತ್ತಿದ್ದದ್ದು ಬಟ್ಟೆಯಿಂದಲ್ಲ. “ಮೊದಲು ಕೂತು ಬ್ರೆಡ್ಡು ತಿಂದೆ” ಎಂದು ಶುರುವಾಗುತ್ತಿತ್ತು. ಮೆಕ್ಕೆಜೋಳದ ಬ್ರೆಡ್ಡು, ಜೊತೆಗೆ ಹಸಿ ಈರುಳ್ಳಿ. ಅಲ್ಲಿಗೇ ಯಾರಾದರೂ “ನಿನ್ನ ಊಟದ ಸುದ್ದಿ ಬಿಡು, ಬಟ್ಟೆ ಕಥೆ ಹೇಳು” ಎನ್ನುತ್ತಿದ್ದರು.

“ಡೆಲ್, ಊಟದ ಚೀಲ ತೆಗಿ,” ಎಂದಳು. “ದೀಪ ಎಲ್ಲಾ ಆರಿಸಿ.”

“ಕತ್ತಲಲ್ಲಿ ತಿನ್ನೋದಾ?”

“ಬಾಯಿ ಎಲ್ಲಿದೆ ಅಂತ ಮರೆತುಹೋಗುತ್ತಾ ನಿನಗೆ?”

“ಅವರಿಗೆ ನಿದ್ದೇಲೂ ತಿನ್ನೋಕೆ ಬರುತ್ತೆ,” ಎಂದಳು ನಯೋಮಿ.

ಬಲೋನಿ ಮಾಂಸದ ಸ್ಯಾಂಡ್‌ವಿಚ್ ತಿಂದರು. ಆ ಕತ್ತಲಲ್ಲಿ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಬೆವರು ಆರಿತು, ಮೈಯ ಹಬೆ ಅಡಗಿತು, ಚಳಿ ಹತ್ತಿತು, ಉಸಿರು ನಿಧಾನವಾಯಿತು. ಅರ್ಲೀಟಾ ಕೈ ಚಾಚಿ, “ನನ್ನ ಸೆಲ್ಲು ಕೊಡು,” ಎಂದಳು. ಡೆಲ್ಬರ್ಟನ ಬೆರಳು ಅವಳ ಅಂಗೈ ಹುಡುಕಿ ನಾಲ್ಕು ಸೆಲ್ಲು ಇಟ್ಟಿತು. ಅವಳು ಕಾಣದೆಯೇ ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳು. ತಡವರಿಸುತ್ತ ನೀರು ಬೀಳದ ಮೂಲೆಗೆ ಹೋಗಿ, ತಣ್ಣಗಾಗಿದ್ದ ಟಾರ್ಚನ್ನು ಒಂದು ಕಲ್ಲಿನ ಸಂದಿಯಲ್ಲಿ ಮೇಲ್ಮುಖವಾಗಿ ನಿಲ್ಲಿಸಿದಳು.

“ಈ ಕಡೆ ಗೋಡೆಗೆ ಒರಗಿ ನಿಂತ್ಕೊಳ್ಳಿ. ಅಂಗಿ ಕಾಲರಿನೊಳಗೆ ಉಸಿರಾಡಿ,” ಎಂದು ಹೇಳಿ ಬಳೆ ತಿರುಗಿಸಿ ಅವರ ಪಕ್ಕಕ್ಕೆ ಬಂದಳು.

ಬೆಳಕು ಒಂದು ಕಂಬದ ಹಾಗೆ ಏರಿತು. ಅದರ ಸುತ್ತ ಬಾವಿಯ ಗೋಡೆಗಳು ಮೂಡಿದವು. ನೀರು ಯುಗಯುಗ ಕೊರೆದ ಗೀರುಗಳು, ಚರ್ಚಿನ ಆರ್ಗನ್ ವಾದ್ಯದ ಕೊಳವೆಗಳಂತೆ ಒಂದರ ಪಕ್ಕ ಒಂದು, ನೇರ ಮೇಲಕ್ಕೆ. ಬೀಳುವ ಹನಿಗಳು ಬೆಳಕಿಗೆ ಬಂದಾಗ ಹೊತ್ತಿ, ದಾಟಿದಾಗ ಆರುತ್ತಿದ್ದವು. ಕಣ್ಣು ಅವುಗಳ ಬೆನ್ನು ಹತ್ತಿ ಏರಿತು. ಅವರು ಎಲ್ಲಿ ಮಾಡು ಬರಬೇಕು ಎಂದುಕೊಂಡಿದ್ದರೋ ಅಲ್ಲಿ ಮಾಡು ಬರಲಿಲ್ಲ. ಅಲ್ಲಿ ಬಾವಿ ಅಗಲವಾಯಿತು. ಅದರ ಒಂದು ಅಂಚಿನುದ್ದಕ್ಕೂ ಬೆಳ್ಳನೆಯ ಕಲ್ಲಿನ ಹೊದಿಕೆಗಳು ಇಳಿಬಿದ್ದಿದ್ದವು. ಮಡಿಕೆ ಮಡಿಕೆಯಾಗಿ, ಅಂಚು ಸುರುಟಿಕೊಂಡು, ಸಾಲಾಗಿ. ಎಷ್ಟು ತೆಳುವೆಂದರೆ ಬೆಳಕು ಕೆಲವುಗಳ ಒಳಗೆ ನುಗ್ಗಿ ಜೇನಿನ ಬಣ್ಣದಲ್ಲಿ ಹೊರಬರುತ್ತಿತ್ತು. ಗಾಳಿಯೇ ಇಲ್ಲದ ಜಾಗದಲ್ಲಿ ಗಾಳಿಗೆ ಉಬ್ಬಿದ ಹಾಗೆ ನಿಂತಿದ್ದವು. ಅವುಗಳ ಮೇಲೆಯೂ ಬಾವಿ ಮುಗಿದಿರಲಿಲ್ಲ. ಬೆಳಕು ಅವನ್ನು ದಾಟಿ, ಇನ್ನೂ ಮೇಲೆ, ತೆಳ್ಳಗಾಗುತ್ತ, ಏನನ್ನೂ ಮುಟ್ಟದೆ ಹೋಯಿತು.

ನಯೋಮಿ ಅರ್ಲೀಟಾಳ ತೋಳು ಹಿಡಿದುಕೊಂಡಳು. ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ.

ಡೆಲ್ಬರ್ಟ್ ಹೆಲ್ಮೆಟ್ ತೆಗೆದು ಎದೆಗೆ ಹಿಡಿದ. ರಸ್ತೆಯಲ್ಲಿ ಶವದ ಮೆರವಣಿಗೆ ಹೋಗುವಾಗ ನಮ್ಮ ಕಡೆ ಗಂಡಸರು ಟೋಪಿ ತೆಗೆದು ನಿಲ್ಲುವುದು ಹಾಗೆ.

“ಹಾಕ್ಕೊಳಯ್ಯ,” ಎಂದಳು ಅರ್ಲೀಟಾ, ಮೇಲಿನಿಂದ ಕಣ್ಣು ತೆಗೆಯದೆ. “ತಲೆ ಮೇಲೆ ಕಲ್ಲು ಬಿದ್ರೆ ನಮ್ಮಕ್ಕನಿಗೆ ನಾನೇನು ಹೇಳ್ಲಿ?”

ಅವನು ಹಾಕಿಕೊಳ್ಳಲಿಲ್ಲ. ಟಾರ್ಚ್ ಬಿಸಿಯಾಗಿ ತಗ್ಗಿತು. ಬೆಳಕು ಮಂದವಾದರೂ ಆ ಬಿಳಿ ಮರೆಯಾಗಲಿಲ್ಲ. ಈಗ ಎಲ್ಲಿ ನೋಡಬೇಕೆಂದು ಕಣ್ಣಿಗೆ ಗೊತ್ತಿತ್ತು.

“ನಿನಗೂ ಕಾಣ್ತಾ ಇದೆಯಾ?” ಎಂದು ಅವಳು ಕೇಳಿದಳು. ಒಬ್ಬ ಕಂಡರೆ ಕಥೆ. ಬಾಯಿಬಿಟ್ಟು ಕೇಳಲೇಬೇಕು, ಬಾಯಿಬಿಟ್ಟು ಹೇಳಲೇಬೇಕು.

ಅತಿ ಕೆಳಗಿನ ಹೊದಿಕೆಯ ತುದಿಯಲ್ಲಿ ಒಂದು ಹನಿ ತುಂಬಿಕೊಂಡು, ಹೊಳೆದು, ಕಳಚಿ ಬಿತ್ತು. ಅದು ಕೆಳಗೆ ಬಂದು ತಲಪಲು ಹೊತ್ತು ಹಿಡಿಯಿತು. ಅವರ ಕಾಲ ಬಳಿಯ ಕಲ್ಲಿಗೆ ಬಡಿದ ಮೇಲೆ ಡೆಲ್ಬರ್ಟ್ ಬಾಯಿ ತೆರೆದ. ಅವನಪ್ಪ ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳುವ ಪಾಳಿ ಅವನಿಗೆ ಬಂದಿತ್ತು.

“ಕಾಣ್ತಾ ಇದೆ,” ಎಂದ. “ಇನ್ನೂ ಒಣಗಿಲ್ಲ, ಅರ್ಲೀಟಾ.”